ಕುಡಿಯದವರ ಗ್ಲಾಸಿಗೂ ಮರ್ಯಾದೆ ಬೇಕು

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಜಂಗಮರ ಜೋಳಿಗೆಗೆ ಜೋಳ, ಹಿಟ್ಟು, ಕಾಸು ಬೀಳುವುದು ವಾಡಿಕೆ. ಈ ಜೋಳಿಗೆ ಬೇಡಿದ್ದು ಬೇರೆ. ನಿಮ್ಮ ಕುಡಿತ ಹಾಕಿ, ಬೀಡಿ ಹಾಕಿ, ಗುಟ್ಕಾ ಹಾಕಿ, ಜೂಜು ಹಾಕಿ ಎಂದು ಅವರು ಮನೆ ಮುಂದೆ ನಿಂತು ಕೇಳಿದರು. 1970ರ ದಶಕದಲ್ಲಿ ಶುರುವಾದ ಈ ಕೆಲಸ ‘ಮಹಾಂತ ಜೋಳಿಗೆ’ ಎಂದೇ ನಾಡಿನ ತುಂಬ ಹೆಸರಾಯಿತು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ಕರ್ನಾಟಕ ಸರ್ಕಾರದ ಲೆಕ್ಕದಲ್ಲಿ ವ್ಯಸನಮುಕ್ತ ದಿನ.

ಜೋಳಿಗೆ ಗ್ಲಾಸನ್ನು ಖಾಲಿ ಮಾಡಿಸಿತು. ಆ ಗ್ಲಾಸಿಗೆ ಮತ್ತೇನು ತುಂಬಬೇಕು ಎಂಬ ಪ್ರಶ್ನೆಯನ್ನು ಮಾತ್ರ ಸಮಾಜ ಗಂಭೀರವಾಗಿ ತೆಗೆದುಕೊಳ್ಳಲೇ ಇಲ್ಲ.

ಬಾಗಲಕೋಟೆಯ ನವನಗರದಲ್ಲೋ ಹುನಗುಂದದಲ್ಲೋ ಗೆಳೆಯರು ಸೇರುವ ಒಂದು ಸಂಜೆಯನ್ನು ನೆನೆಯಿರಿ. ಕುಡಿಯುವವರ ಮುಂದೆ ಐಸು, ಸೋಡಾ, ಹೆಚ್ಚಿದ ಉಳ್ಳಾಗಡ್ಡಿ, ಹುರಿದ ಶೇಂಗಾ, ಖಾರದ ಚುರುಮುರಿ ಎಲ್ಲ ಸಾಲಾಗಿ ಬರುತ್ತವೆ. ಯಾರಿಗೆ ಎಷ್ಟು ನೀರು, ಯಾರಿಗೆ ಎಷ್ಟು ಐಸು ಎಂದು ವಿಚಾರಿಸುವವರೂ ಇರುತ್ತಾರೆ. ಅದೇ ಮೇಜಿನಲ್ಲಿ ಕುಳಿತ, ಕುಡಿಯದ ಮನುಷ್ಯನಿಗೆ ಸಿಗುವುದು ಬಾಟಲಿಯಿಂದ ಸುರಿದ ಬಣ್ಣದ ಸಕ್ಕರೆ ನೀರು. ಮನೆಯ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಹಿರಿಯರಿಗೆ ಸಿಗುವುದೂ ಅದೇ. ಕುಡಿತ ಬಿಡುವುದು ದೊಡ್ಡ ಕೆಲಸ ಎಂದು ವೇದಿಕೆಯ ಮೇಲೆ ಹೇಳುವ ನಾವು, ಬಿಟ್ಟವನನ್ನು ಊಟದ ಮನೆಯಲ್ಲಿ ಹೀಗೆ ನಡೆಸಿಕೊಳ್ಳುವುದು ತಪ್ಪು. ಅವನ ಗ್ಲಾಸಿಗೂ ಕೈಯ ಕೆಲಸ ಬೇಕು, ರುಚಿಯ ಲೆಕ್ಕ ಬೇಕು. ಹೊರಗಿನ ದೇಶಗಳ ಬಾರುಗಳು ನೂರಾರು ವರ್ಷ ಕೂಡಿ ಕಳೆದು ಕಂಡುಕೊಂಡ ಆ ಲೆಕ್ಕವನ್ನು ತೆಗೆದುಕೊಂಡು, ಮದ್ಯವನ್ನು ಅಲ್ಲೇ ಬಿಟ್ಟು ಬರಲು ಅಡ್ಡಿಯೇನಿಲ್ಲ. ಬೇಕಾದ ಸಾಮಾನೆಲ್ಲ ಈ ಸೀಮೆಯ ಹೊಲ ಮತ್ತು ಸಂತೆಯಲ್ಲೇ ಇದೆ.

ಆ ಲೆಕ್ಕದ ಮೂಲವನ್ನು ಹುಡುಕಿದರೆ ದಾರಿ ಭಾರತಕ್ಕೇ ಬಂದು ನಿಲ್ಲುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬ 1632ರಲ್ಲಿ ಬರೆದ ಪತ್ರದಲ್ಲಿ ‘ಪಂಚ್’ ಎಂಬ ಪಾನೀಯದ ಮಾತು ಬರುತ್ತದೆ. ಇಲ್ಲಿಯ ಸಾರಾಯಿ, ಲಿಂಬೆ, ಸಕ್ಕರೆ, ನೀರು, ಮಸಾಲೆ ಸೇರಿದರೆ ಪಂಚ್. ನಾವಿಕರು ಅದನ್ನು ಯುರೋಪಿಗೆ ಒಯ್ದರು. ಮುಂದೆ ಅದೇ ಪಾತ್ರೆ ಚಿಕ್ಕದಾಗಿ ಒಬ್ಬರ ಗ್ಲಾಸಿನ ಅಳತೆಗೆ ಇಳಿದಾಗ ‘ಸೌರ್’ ಎಂಬ ಕಾಕ್‌ಟೇಲುಗಳ ಮನೆತನವೇ ಹುಟ್ಟಿತು. ಅದರಲ್ಲಿ ಅತ್ಯಂತ ಸರಳವಾದದ್ದು ಡೈಕಿರಿ: ರಮ್, ಲಿಂಬೆರಸ, ಸಕ್ಕರೆ, ಅಷ್ಟೇ. ಕ್ಯೂಬಾದ ಸ್ಯಾಂಟಿಯಾಗೊ ಬಳಿಯ ಡೈಕಿರಿ ಎಂಬಲ್ಲಿ ಕಬ್ಬಿಣದ ಗಣಿಯಲ್ಲಿದ್ದ ಜೆನಿಂಗ್ಸ್ ಕಾಕ್ಸ್ ಎಂಬ ಅಮೆರಿಕದ ಎಂಜಿನಿಯರು 1898ರ ಸುಮಾರಿಗೆ ಇದನ್ನು ಬೆರೆಸಿದನೆಂಬುದು ಪ್ರಚಲಿತ ಕಥೆ. ಗಣಿಯ ಧೂಳು, ಬಿಸಿಲು, ಕಬ್ಬು, ಲಿಂಬೆ. ಗುಲಾಬಿ ಗ್ರಾನೈಟಿನ ಕ್ವಾರಿಗಳ ಇಳಕಲ್ಲಿಗೂ ಕಬ್ಬಿನ ಮುಧೋಳಕ್ಕೂ ಆ ಊರು ತೀರಾ ಅಪರಿಚಿತವೆನಿಸದು.

ಡೈಕಿರಿಯ ಸಕ್ಕರೆ ಪಾಕವನ್ನು ತೆಗೆದು ಅದರ ಜಾಗಕ್ಕೆ ಗ್ರೆನಡೀನ್ ಹಾಕಿದರೆ ಅದು ಬಕಾರ್ಡಿ ಕಾಕ್‌ಟೇಲ್ ಆಗುತ್ತದೆ. ಒಂದೇ ಒಂದು ಬದಲಾವಣೆ. ಇದು ಎಷ್ಟು ಜನಪ್ರಿಯವಾಯಿತೆಂದರೆ, ಆ ಹೆಸರಿನಲ್ಲಿ ಕೊಡುವ ಪಾನೀಯದಲ್ಲಿ ಬಕಾರ್ಡಿ ಕಂಪನಿಯ ರಮ್ಮೇ ಇರಬೇಕೆಂದು 1936ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪು ಕೊಡಬೇಕಾಯಿತು. ಕೆಂಪು ಬಣ್ಣದ ಆ ಗ್ರೆನಡೀನ್ ಎಂದರೆ ಮೂಲತಃ ದಾಳಿಂಬೆಯ ಪಾಕ. ಇಂದು ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವ ಎಷ್ಟೋ ಬಾಟಲಿಗಳಲ್ಲಿ ದಾಳಿಂಬೆಯ ಹನಿಯೂ ಇರುವುದಿಲ್ಲ. ಸಕ್ಕರೆ, ಸಿಟ್ರಿಕ್ ಆಮ್ಲ, ಕೆಂಪು ಬಣ್ಣ, ಒಂದಿಷ್ಟು ಪರಿಮಳ, ಇಷ್ಟರಲ್ಲೇ ಮುಗಿಯುತ್ತದೆ. ಬಾಟಲಿಯ ಹಿಂದಿನ ಚೀಟಿ ಓದಿದರೆ ಯಾರಿಗಾದರೂ ತಿಳಿಯುತ್ತದೆ. ದಾಳಿಂಬೆ ತೋಟಗಳಿರುವ ಜಿಲ್ಲೆಯ ಹೋಟೆಲಿನಲ್ಲಿ ಕುಳಿತು, ದಾಳಿಂಬೆಯೇ ಇಲ್ಲದ ದಾಳಿಂಬೆ ಪಾಕದ ಮಾಕ್‌ಟೇಲ್‌ಗೆ ದುಡ್ಡು ಕೊಡುವುದು ಬೇಸರದ ಸಂಗತಿ.

ಮದ್ಯವಿಲ್ಲದ ಗ್ಲಾಸಿನ ಇತಿಹಾಸದಲ್ಲೂ ಗ್ರೆನಡೀನ್ ಇದೆ. 1930ರ ದಶಕದಲ್ಲಿ ಹಾಲಿವುಡ್ಡಿನ ಬಾಲತಾರೆ ಶರ್ಲಿ ಟೆಂಪಲ್ ದೊಡ್ಡವರ ಜೊತೆ ಊಟಕ್ಕೆ ಕುಳಿತಾಗ ಅವಳಿಗೂ ಒಂದು ಚೆಂದದ ಗ್ಲಾಸು ಬೇಕಿತ್ತು. ಶುಂಠಿಯ ಸೋಡಾಕ್ಕೆ ಗ್ರೆನಡೀನ್ ಬೆರೆಸಿ, ಮೇಲೊಂದು ಚೆರ್ರಿ ಇಟ್ಟು ಕೊಟ್ಟರು. ಅವಳ ಹೆಸರೇ ಪಾನೀಯಕ್ಕೂ ಬಂತು. ದೊಡ್ಡವಳಾದ ಮೇಲೆ ಆಕೆಯೇ ಅದು ವಿಪರೀತ ಸಿಹಿ ಎಂದು ದೂರಿದ್ದುಂಟು. ಆ ದೂರು ಇಂದಿನ ಮಾಕ್‌ಟೇಲುಗಳಿಗೂ ಅಷ್ಟೇ ಸಲ್ಲುತ್ತದೆ. ಮದ್ಯ ತೆಗೆದ ಜಾಗವನ್ನು ಸಕ್ಕರೆಯಿಂದ ತುಂಬಿದರೆ ಅದು ಮಕ್ಕಳ ಪಾನೀಯವಾಗುತ್ತದೆ. ನಲವತ್ತು ದಾಟಿದ ಮನುಷ್ಯ ಎರಡು ಗುಟುಕು ಕುಡಿದು ಪಕ್ಕಕ್ಕಿಡುತ್ತಾನೆ.

ಈಗ ತೋಟದ ಕಡೆ ನೋಡಬೇಕು. ಹುನಗುಂದ, ಇಳಕಲ್ಲ, ಬಾಗಲಕೋಟೆ, ಬಾದಾಮಿ ಭಾಗದ ಒಣ ನೆಲಕ್ಕೆ ದಾಳಿಂಬೆ ಒಗ್ಗಿದ ಬೆಳೆ. ಕಡಿಮೆ ಮಳೆ, ಸುಡುವ ಬಿಸಿಲು, ಹನಿ ನೀರಾವರಿಯ ಕೊಳವೆ, ಕಡುಗೆಂಪು ಕಾಳಿನ ಭಗವಾ ತಳಿ. ಹೂ ಬಿಡಿಸುವ ಹಂಗಾಮನ್ನು ಬಹಾರ್ ಎನ್ನುತ್ತಾರೆ: ಮೃಗ, ಹಸ್ತ, ಅಂಬೆ. ಮುಂಗಾರಿನ ಮೃಗ ಬಹಾರಿನ ಹಣ್ಣು ಡಿಸೆಂಬರ್–ಜನವರಿಗೆ ಕೈಗೆ ಬರುತ್ತದೆ, ಅಂಬೆ ಬಹಾರಿನದು ಜುಲೈ–ಆಗಸ್ಟಿಗೆ. ಹಣ್ಣು ಕೈಗೆ ಬರುವವರೆಗೆ ರೈತನ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ದುಂಡಾಣು ಅಂಗಮಾರಿ ರೋಗ ಈ ಶತಮಾನದ ಮೊದಲ ದಶಕದಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳದ ತೋಟಗಳ ಮೇಲೆ ಬಿದ್ದಾಗ ಎಷ್ಟೋ ಜನ ಗಿಡಗಳನ್ನೇ ಕಿತ್ತುಹಾಕಿದರು. ರೋಗ ತಪ್ಪಿದರೆ ಬಿರುಕು. ನೀರು ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿಯಾದರೆ, ಇಲ್ಲವೇ ಬೋರಾನ್ ಕೊರತೆಯಾದರೆ ಸಿಪ್ಪೆ ಸೀಳುತ್ತದೆ. ಸೀಳಿದ ಹಣ್ಣನ್ನು ದೂರದ ಮಾರುಕಟ್ಟೆಗೆ ಹೋಗುವ ಪೆಟ್ಟಿಗೆಗೆ ಹಾಕುವುದಿಲ್ಲ. ಒಳಗಿನ ಕಾಳು ಗಟ್ಟಿಯಾಗಿ, ಹೊಳೆಯುತ್ತ, ರಸ ತುಂಬಿ ನಿಂತಿದ್ದರೂ ಅದಕ್ಕೆ ಬೆಲೆ ಇಲ್ಲ.

ಮನೆಯ ಪಾಕಕ್ಕೆ ಬೇಕಾದದ್ದು ಈ ಹಣ್ಣೇ. ಆಗತಾನೇ ಸೀಳಿದ, ಕೊಳೆಯದ ಹಣ್ಣು ಆರಿಸಬೇಕು. ಒಡೆದಾಗ ಒಳಗೆ ಕಪ್ಪಾಗಿದ್ದರೆ, ಬೂಷ್ಟು ಕಂಡರೆ, ಹುಳಿತ ವಾಸನೆ ಬಂದರೆ ಇಡೀ ಹಣ್ಣನ್ನೇ ಎಸೆಯಬೇಕು. ಚೆನ್ನಾಗಿರುವ ಭಾಗ ಮಾತ್ರ ಉಳಿಸಿಕೊಳ್ಳುವ ಆಸೆ ಬೇಡ.

ಮಾಡುವುದು ಸುಲಭ, ಆದರೆ ಒಂದೆರಡು ಕಡೆ ಕೈ ತಡೆಯಬೇಕು. ಕಾಳು ಬಿಡಿಸಿ, ಬಿಳಿ ಪೊರೆಯನ್ನೆಲ್ಲ ತೆಗೆಯಿರಿ. ಅದು ಸೇರಿದರೆ ಕಹಿ. ಮಿಕ್ಸರಿನಲ್ಲಿ ಗರಗರ ತಿರುವಿದರೆ ಬೀಜ ಪುಡಿಯಾಗಿ ಒಗರು ಏರುತ್ತದೆ, ರಸ ಮಂಕಾಗುತ್ತದೆ. ಒಂದೆರಡು ಸಲ ಗುಂಡಿ ಒತ್ತಿ ಬಿಟ್ಟರೆ ಸಾಕು. ಇಲ್ಲವೇ ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಬಹುದು. ಒಂದು ಬಟ್ಟಲು ರಸಕ್ಕೆ ಅದೇ ಬಟ್ಟಲಿನಿಂದ ಒಂದು ಸಕ್ಕರೆ. ಸಣ್ಣ ಉರಿಯ ಮೇಲೆ ಸಕ್ಕರೆ ಕರಗುವಷ್ಟು ಮಾತ್ರ ಬೆಚ್ಚಗೆ ಮಾಡಿ ಇಳಿಸಬೇಕು. ಕುದಿಸಿದರೆ ಹಣ್ಣಿನ ತಾಜಾತನ ಹೋಗಿ ಜಾಮಿನ ರುಚಿ ಬರುತ್ತದೆ. ಆರಿದ ಮೇಲೆ ಅರ್ಧ ಲಿಂಬೆ ಹಿಂಡಿ. ದಾಳಿಂಬೆಯ ಕೆಂಪು ಹುಳಿಯಲ್ಲಿ ಇನ್ನಷ್ಟು ಬೆಳಗುತ್ತದೆ. ಆಗ ಬಾಟಲಿಯಲ್ಲಿ ಕಾಣುವುದು ಇಳಕಲ್ಲ ಸೀರೆಯ ಟೋಪ್ ತೆನಿ ಸೆರಗಿನ ಕೆಂಪು. ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರಕ್ಕೆ ಮೋಸವಿಲ್ಲ.

ಸಕ್ಕರೆ ಬದಲು ಮಹಾಲಿಂಗಪುರದ ಬೆಲ್ಲ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ರುಚಿಗೆ ಆಳ ಬರುತ್ತದೆ. ಆದರೆ ಬೆಲ್ಲಕ್ಕೆ ಅದರದೇ ಕಂದು ಬಣ್ಣವಿದೆ, ಕಬ್ಬಿನ ರಸ ಶುದ್ಧ ಮಾಡುವಾಗ ಹಾಕಿದ ಸುಣ್ಣದ ಅಂಶವೂ ಇರುತ್ತದೆ. ಕೆಂಪು ಕಂದಾಗುತ್ತದೆ. ಮುಕ್ಕಾಲು ಸಕ್ಕರೆ, ಕಾಲು ಬೆಲ್ಲ ಹಾಕಿದರೆ ಎರಡೂ ಉಳಿಯುತ್ತವೆ, ಅದೇ ಒಳ್ಳೆಯ ದಾರಿ.

ಭಗವಾ ಸಿಹಿ ತಳಿ, ಹುಳಿ ಕಡಿಮೆ. ಹೀಗಾಗಿ ಲಿಂಬೆ ಇಲ್ಲದೆ ಈ ಪಾನೀಯ ನಿಲ್ಲುವುದೇ ಇಲ್ಲ. ಲಿಂಬೆಗಾಗಿಯೂ ದೂರ ಹೋಗಬೇಕಿಲ್ಲ. ನೆರೆಯ ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ತೆಳು ಸಿಪ್ಪೆ, ತುಂಬು ರಸ.

ಉಳಿದದ್ದು ಕಷ್ಟದ ಭಾಗ. ರಮ್ ತೆಗೆದ ಮೇಲೆ ಏನು? ಮದ್ಯ ಗ್ಲಾಸಿನಲ್ಲಿ ಮಾಡುವ ಕೆಲಸ ಅಮಲು ಏರಿಸುವುದೊಂದೇ ಅಲ್ಲ. ಅದು ಗಂಟಲಿಗೆ ಸಣ್ಣ ಉರಿ ಕೊಡುತ್ತದೆ, ಸಿಹಿಯನ್ನು ಹತೋಟಿಯಲ್ಲಿಡುತ್ತದೆ, ನಾಲಿಗೆಯನ್ನು ಒಣಗಿಸಿ ಮುಂದಿನ ಗುಟುಕು ನಿಧಾನವಾಗುವಂತೆ ಮಾಡುತ್ತದೆ. ಇದನ್ನೆಲ್ಲ ಅಡುಗೆಮನೆಯ ಡಬ್ಬಿಗಳಿಂದಲೇ ತರಬಹುದು. ಒಗರಿಗೆ ಹಾಲಿಲ್ಲದ ಗಟ್ಟಿ ಚಹಾ. ಉರಿಗೆ ಹಸಿ ಅಲ್ಲ (ಶುಂಠಿ) ಮತ್ತು ಕುಟ್ಟಿದ ಮೆಣಸು. ಸಿಹಿಯನ್ನು ಕಟ್ಟಿಹಾಕಲು ಚಿಟಿಕೆ ಉಪ್ಪು.

ಅಳತೆ ಹೀಗಿರಲಿ: ಎರಡು ಭಾಗ ಚಹಾ, ಒಂದು ಭಾಗ ದಾಳಿಂಬೆ ಪಾಕ, ಒಂದು ಭಾಗಕ್ಕಿಂತ ತುಸು ಕಡಿಮೆ ಲಿಂಬೆರಸ. ಮಿಲಿಲೀಟರಿನಲ್ಲಿ ಹೇಳುವುದಾದರೆ 60, 30, 20. ಚಹಾಪುಡಿಯನ್ನು ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ನೆನೆಸಿ, ಸೋಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ತುರಿದ ಅಲ್ಲ ಹಿಂಡಿದ ರಸ ಅರ್ಧ ಚಮಚ, ಸ್ವಲ್ಪ ಕುಟ್ಟಿದ ಮೆಣಸು, ಚಿಟಿಕೆ ಉಪ್ಪು. ಇದೆಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೋ ಅಗಲ ಬಾಯಿಯ ಬಾಟಲಿಗೋ ಹಾಕಿ, ಅರ್ಧ ತುಂಬುವಷ್ಟು ಐಸು ಸೇರಿಸಿ, ಡಬ್ಬಿಯ ಹೊರಮೈ ಬೆವರುವವರೆಗೆ ಜೋರಾಗಿ ಅಲ್ಲಾಡಿಸಬೇಕು. ಹದಿನೈದು ಸೆಕೆಂಡು ಸಾಕು. ಐಸು ಕರಗಿ ಸೇರುವ ನೀರೂ ಈ ಲೆಕ್ಕದೊಳಗೇ ಇದೆ. ಅದಿಲ್ಲದಿದ್ದರೆ ಪಾನೀಯ ನಾಲಿಗೆಗೆ ಚುಚ್ಚುತ್ತದೆ. ಚಹಾ ಸೋಸುವ ಜಾಲರಿಯಿಂದ ತಣ್ಣನೆಯ ಗ್ಲಾಸಿಗೆ ಸೋಸಿ, ಮೇಲೆ ನಾಲ್ಕು ದಾಳಿಂಬೆ ಕಾಳು ಬಿಡಿ. ಉದ್ದ ಗ್ಲಾಸು ಬೇಕೆನ್ನುವವರು ಸೋಡಾ ತುಂಬಿಸಿಕೊಳ್ಳಲಿ.

ಬಾರಿನಲ್ಲಿ ಸೌರ್ ಮೇಲೆ ಬಿಳಿ ನೊರೆ ನಿಲ್ಲಿಸಲು ಮೊಟ್ಟೆಯ ಬಿಳಿಭಾಗ ಹಾಕುತ್ತಾರೆ. ಲಿಂಗಾಯತ ಮನೆಗಳು ಹೆಚ್ಚಿರುವ ಈ ಸೀಮೆಯಲ್ಲಿ ಅದು ನಡೆಯದು. ಕಡಲೆ ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆಯೇ ನೊರೆ ಕಟ್ಟುತ್ತದೆ ಎಂಬುದನ್ನು 2014–15ರ ಹೊತ್ತಿಗೆ ಪಶ್ಚಿಮದ ಸಸ್ಯಾಹಾರಿಗಳು ಕಂಡುಕೊಂಡರು, ಇಂದು ದೊಡ್ಡ ದೊಡ್ಡ ಬಾರುಗಳಲ್ಲೂ ಅದನ್ನು ಬಳಸುತ್ತಾರೆ. ಉತ್ತರ ಕರ್ನಾಟಕದ ಅಡುಗೆಮನೆಗೆ ಆ ನೀರು ಹಳೆಯ ನೆಂಟ. ಹೋಳಿಗೆ ಮಾಡಿದ ದಿನ ಕಡ್ಲಿಬ್ಯಾಳಿ ಬೇಯಿಸಿ ಬಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ, ಅದು ಕಟ್ಟಿನ ಸಾರಾಗುತ್ತದೆ. ಉಪ್ಪು, ಅರಿಷಿಣ ಹಾಕುವ ಮೊದಲೇ ಒಂದು ಸಣ್ಣ ಬಟ್ಟಲು ಎತ್ತಿಟ್ಟು, ತೆಳ್ಳಗಿದ್ದರೆ ಒಲೆಯ ಮೇಲೆ ಇಂಗಿಸಿ, ತಣಿಸಿ, ಎರಡು ಚಮಚ ಸೇರಿಸಿಕೊಳ್ಳಿ. ಆಗ ಡಬ್ಬಿಯನ್ನು ಮೊದಲು ಐಸಿಲ್ಲದೆ, ಆಮೇಲೆ ಐಸು ಹಾಕಿ, ಎರಡು ಸಲ ಅಲ್ಲಾಡಿಸಬೇಕು.

ಒಂದು ಎಚ್ಚರಿಕೆ. 30 ಮಿಲಿಲೀಟರ್ ಪಾಕದಲ್ಲಿ ಸುಮಾರು ನಾಲ್ಕು ಚಹಾ ಚಮಚದಷ್ಟು ಸಕ್ಕರೆ ಇರುತ್ತದೆ. ಇದು ಔಷಧವಲ್ಲ, ಆರೋಗ್ಯದ ಹೆಸರು ಹೇಳಿ ಮಾರುವ ಸಾಮಾನೂ ಅಲ್ಲ. ಸಕ್ಕರೆ ಕಾಯಿಲೆಯವರು ಪಾಕ ಬಿಟ್ಟು ಬರೀ ತಾಜಾ ರಸವನ್ನೇ ಸ್ವಲ್ಪ ಹಾಕಿಕೊಂಡು, ಚಹಾ ಮತ್ತು ಸೋಡಾ ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡಕ್ಕೂ ಉತ್ತರ ಕೊಡಬೇಕು. ಮೊದಲನೆಯದು ಹಿರಿಯರದು: ಬಾರಿನ ಗ್ಲಾಸನ್ನು ಅನುಕರಿಸುವುದೇಕೆ, ಮನೆಗೆ ಆ ವೇಷವೇಕೆ? ಹುಳಿ, ಸಿಹಿ, ಖಾರ ಬೆರೆಸಿ ಅತಿಥಿಗೆ ಕೊಡುವ ವಿದ್ಯೆಯನ್ನು ಈ ನಾಡು ಬಾರಿನಿಂದ ಕಲಿತದ್ದಲ್ಲ ಎಂಬುದೇ ಅದಕ್ಕೆ ಉತ್ತರ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ್ದು. ಅದರಲ್ಲಿ ಊಟದ ಜೊತೆಗೆ ಪಾನೀಯಗಳ ವಿವರವೂ ಬರುತ್ತದೆ. 16ನೆಯ ಶತಮಾನದ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಗ್ಲಾಸಿನ ಆಕಾರ ಬದಲಾಗಿದೆ, ಕೆಲಸ ಹಳೆಯದೇ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕುಡಿತದ ಚಟದಿಂದ ಹೊಸದಾಗಿ ಹೊರಬಂದವನಿಗೆ ಐಸಿನ ಸದ್ದು, ಕಾಂಡವಿರುವ ಗ್ಲಾಸು, ಸೋಡಾದ ನೊರೆ ಇವೇ ಹಳೆಯ ಆಸೆಯನ್ನು ಕೆದಕಬಹುದು. ಇದು ನಿಜ, ಇದನ್ನು ಹಗುರವಾಗಿ ನೋಡಬಾರದು. ಅಂಥವರಿಗೆ ಇದೇ ಪಾನೀಯವನ್ನು ಸ್ಟೀಲ್ ಲೋಟದಲ್ಲಿ, ಐಸಿಲ್ಲದೆ, ಪಾನಕ ಎಂದೇ ಹೇಳಿ ಕೊಡಬೇಕು. ಅದಕ್ಕೂ ಮೊದಲು ಅವರನ್ನೇ ಕೇಳಬೇಕು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದಾದ ಮೇಲೂ ಕುಡಿತ ಹಳ್ಳಿಗಳಲ್ಲಿ ಮನೆ ಮುರಿಯುವುದು ನಿಲ್ಲಲಿಲ್ಲ ಎಂಬುದು ಇಲ್ಲಿಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನೋವಿರುವ ಮನೆಯಲ್ಲಿ ಕಾಕ್‌ಟೇಲ್ ಎಂಬ ಪದವೇ ಬೇಡವೆನಿಸಿದರೆ ಅದಕ್ಕೆ ಗೌರವ ಕೊಡಬೇಕು.

ಹಾಗೆಂದು ಕುಡಿಯುವ ವಯಸ್ಕರನ್ನು ಈ ಬಾಟಲಿಯಿಂದ ದೂರ ಇಡಬೇಕಿಲ್ಲ. ಚಹಾದ ಜಾಗಕ್ಕೆ ಅವರು ಅಳೆದು ರಮ್ ಹಾಕಿಕೊಂಡರೆ ಅದು ಬಕಾರ್ಡಿ ಕಾಕ್‌ಟೇಲಿನ ಹತ್ತಿರದ ಸಂಬಂಧಿ. ಎರಡೂ ಗ್ಲಾಸುಗಳು ಒಂದೇ ಪಾಕದಿಂದ, ಒಂದೇ ಡಬ್ಬಿಯಲ್ಲಿ, ಒಂದೇ ಜಾಲರಿಯಿಂದ ಬಂದಾಗ, ಕುಡಿಯದವನು ಆ ಪಂಕ್ತಿಯಲ್ಲಿ ಹೊರಗಿನವನಾಗುವುದಿಲ್ಲ. ಈ ಬರಹ ಒತ್ತಿ ಹೇಳಲು ಹೊರಟಿರುವುದು ಇದನ್ನೇ.

ಮನೆಯಲ್ಲಿ ಪಳಗಿದ ಕೈ ಹೊರಗೂ ಬರಬೇಕು. ಬಾದಾಮಿಯ ಬನಶಂಕರಿ ಗುಡಿಯ ಆವರಣದಲ್ಲಿ ಬುಟ್ಟಿ ಹೊತ್ತು ಕೂಡುವ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಗಟ್ಟಿ ಮೊಸರು, ಚಟ್ನಿ, ಪಲ್ಯ ಬಡಿಸುವುದನ್ನು ಅಲ್ಲಿಗೆ ಹೋದವರೆಲ್ಲ ಉಂಡು ಬಲ್ಲರು. ಮನೆಯ ಅಡುಗೆಯೇ ಅಲ್ಲಿ ಊರಿನ ಗುರುತು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಶುರುವಾಗುವ ಬನಶಂಕರಿ ಜಾತ್ರೆ ಬರುವುದು ಮೃಗ ಬಹಾರಿನ ದಾಳಿಂಬೆ ಕೈಗೆ ಬರುವ ಹೊತ್ತಿಗೇ. ನಾಟಕ ಕಂಪನಿಗಳ ಟೆಂಟು, ಬಂಡಿ, ಬಸ್ಸು, ಸಾವಿರಾರು ಜನ. ಅದೇ ಚಳಿಗಾಲದಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ದೇಶವಿದೇಶದ ಪ್ರವಾಸಿಗರು ಬರುತ್ತಾರೆ. ರೊಟ್ಟಿಯ ಬುಟ್ಟಿಯ ಪಕ್ಕ ದಾಳಿಂಬೆ–ಲಿಂಬೆಯ ಈ ಗ್ಲಾಸು ಸಿಗಬೇಕು. ಬಾದಾಮಿಯ ಹೋಟೆಲುಗಳೂ ಮೆನುವಿನಲ್ಲಿ ಬ್ಲೂ ಲಗೂನ್ ಎಂಬ ಮಾಕ್‌ಟೇಲ್ ಮೇಲಿಟ್ಟಿರುವ ಪ್ರೀತಿಯಲ್ಲಿ ಅರ್ಧದಷ್ಟನ್ನಾದರೂ ಹುನಗುಂದದ ಹಣ್ಣಿಗೆ ಕೊಡಬೇಕು.

ಇದಕ್ಕೆ ಸಂಸ್ಥೆಯ ಬಲವೂ ಹತ್ತಿರದಲ್ಲೇ ಇದೆ. 2008ರಲ್ಲಿ ಆರಂಭವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬಾಗಲಕೋಟೆ. ಸೀಳಿದ ಹಣ್ಣಿನಿಂದ ಸುರಕ್ಷಿತವಾಗಿ ಪಾಕ ಮಾಡುವುದು, ಎಷ್ಟು ಹುಳಿ ಎಷ್ಟು ಸಕ್ಕರೆ ಇದ್ದರೆ ಎಷ್ಟು ದಿನ ಬಾಳುತ್ತದೆ ಎಂದು ಅಳೆಯುವುದು, ಬಾಟಲಿಯನ್ನು ಬಿಸಿಯಲ್ಲಿ ಶುದ್ಧ ಮಾಡುವುದು ಇವನ್ನೆಲ್ಲ ಸ್ತ್ರೀಶಕ್ತಿ ಸಂಘಗಳಿಗೆ ಕಲಿಸುವ ಜಾಗ ಅದು. ಮಾರಾಟಕ್ಕೆ ಇಳಿಯುವವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಲೇಬೇಕು. ಚೀಟಿಯ ಮೇಲೆ ದಾಳಿಂಬೆಯ ಪ್ರಮಾಣವನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು.

ದಾಳಿಂಬೆ ಮುಗಿದ ತಿಂಗಳಲ್ಲಿ ಡಬ್ಬಿ ಮೂಲೆ ಸೇರಬೇಕಿಲ್ಲ. ಫೆಬ್ರುವರಿ–ಮಾರ್ಚಿಗೆ ಜಮಖಂಡಿ, ವಿಜಯಪುರ ಕಡೆಯ ದ್ರಾಕ್ಷಿ ಬರುತ್ತದೆ. ಅದು ಹೆಚ್ಚು ಸಿಹಿ, ಹೀಗಾಗಿ ಸಕ್ಕರೆ ಅರ್ಧ ಮಾಡಿ ಲಿಂಬೆ ಏರಿಸಬೇಕು. ಬೇಸಿಗೆಗೆ ಕವಳಿ ಹಣ್ಣು. ಅದರ ಹುಳಿ ಮತ್ತು ಒಗರು ಎಷ್ಟು ಗಟ್ಟಿಯೆಂದರೆ ಚಹಾ ಅರ್ಧ ಸಾಕು, ಲಿಂಬೆ ನಾಲ್ಕು ಹನಿ ಸಾಕು.